ಮಿರ್ಜಾನಿನಿಂದ ಅಳಿವೆಯವರೆಗೆ

ಕುಮಟಾದಿಂದ ಅಂಕೋಲಾ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹತ್ತು ಕಿಲೋಮೀಟರಿನಷ್ಟು ಸಾಗಿದರೆ ಮಿರ್ಜಾನ ಸಿಗುತ್ತದೆ. ಗೋಕರ್ಣಕ್ಕೆ ಧಾವಿಸುವ ವಾಹನಗಳಲ್ಲಿ ಹೆಚ್ಚಿನವು ಇಲ್ಲಿ ನಿಲ್ಲುವುದಿಲ್ಲ. ನಿಂತವರೂ ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಒಳಗಿರುವ ಕೋಟೆಯನ್ನು ಒಂದು ಸುತ್ತು ಹಾಕಿ, ಬುರುಜಿನ ಮೇಲೆ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಕೋಟೆಯ ಬೆನ್ನಿಗೆ ಹರಿಯುವ ಅಘನಾಶಿನಿಯ ಕಡೆ ತಿರುಗಿ ನೋಡುವವರು ಕಡಿಮೆ. ಆದರೆ ಈ ಕೋಟೆ ಎದ್ದದ್ದೇ ಆ ನದಿಗಾಗಿ. ನದಿ ಸಮುದ್ರ ಸೇರುವ ಅಳಿವೆಯತನಕ ಹೋಗಿ ಬಂದರೆ ಮಾತ್ರ ಮಿರ್ಜಾನ ಏನೆಂದು ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಕೋಟೆ ಪೂರ್ತಿ ಜಂಬಿಟ್ಟಿಗೆ ಕಲ್ಲಿನದು. ಕರಾವಳಿಯ ನೆಲದಲ್ಲಿ ಅಗೆದಾಗ ಸಿಗುವ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕೆಂಪು ಕಲ್ಲಿನಿಂದಲೇ ಇಲ್ಲಿನ ಮನೆಗಳ ಗೋಡೆ, ಬಾವಿಯ ಕಟ್ಟೆ, ತೋಟದ ಪಾಗಾರಗಳೂ ಆಗಿವೆ. ಸುಮಾರು ಹತ್ತು ಎಕರೆ ವಿಸ್ತಾರ, ಎರಡು ಸುತ್ತಿನ ಗೋಡೆ, ದುಂಡನೆಯ ಎತ್ತರದ ಕೊತ್ತಳಗಳು, ಸುತ್ತ ಕಂದಕ. ಒಳಗೆ ಹಲವು ಬಾವಿಗಳಿವೆ. ಅವುಗಳ ನೀರನ್ನು ಕಂದಕಕ್ಕೆ ಜೋಡಿಸುವ ಕಾಲುವೆಗಳಿದ್ದವು. ನೆಲದೊಳಗಿನ ಹಾದಿಗಳು, ದರ್ಬಾರಿನ ತಳಪಾಯ, ಮರದ ಬುಡದಲ್ಲಿ ಕೂತ ಹಳೆಯ ದೇವರ ವಿಗ್ರಹಗಳು, ಇವೆಲ್ಲವನ್ನೂ ನೋಡಲು ಅರ್ಧ ದಿನವಾದರೂ ಬೇಕು. ಮಳೆಗಾಲದಲ್ಲಿ ಗೋಡೆಗಳೆಲ್ಲ ಹಾವಸೆ ಹಿಡಿದು ಹಸಿರಾಗುತ್ತವೆ. ಆಗ ಕಲ್ಲು ಜಾರುತ್ತದೆ, ಎಚ್ಚರಿಕೆ ಬೇಕು. ಆದರೂ ಕೋಟೆ ಅತಿ ಚೆಲುವಾಗಿ ಕಾಣುವುದು ಆಷಾಢ–ಶ್ರಾವಣದಲ್ಲೇ.

ಮಿರ್ಜಾನದ ಹೆಸರಿನೊಂದಿಗೆ ಬಿಡಿಸಲಾರದಂತೆ ಸೇರಿಕೊಂಡವಳು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ವಿಜಯನಗರದ ಅಧೀನದಲ್ಲಿದ್ದ ಈ ಜೈನ ರಾಣಿ 1552ರಿಂದ 1606ರವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದಳು. ಘಟ್ಟದ ಕಾಳುಮೆಣಸು ಅವಳ ಬಂದರುಗಳಿಂದಲೇ ಹಡಗು ಹತ್ತಬೇಕಿತ್ತು. ಅವಳ ಅನುಮತಿಯಿಲ್ಲದೆ ಮೆಣಸು ಸಿಗದು ಎಂದರಿತ ಪೋರ್ಚುಗೀಸರೇ ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಆದರೆ ಆ ಗೌರವ ಅವರನ್ನು ಯುದ್ಧದಿಂದ ತಡೆಯಲಿಲ್ಲ. 1569ರಲ್ಲಿ ಅವರು ಹೊನ್ನಾವರವನ್ನು ಹಿಡಿದರು. ಹೀಗೆ ಶರಾವತಿಯ ಬಾಯಿಯಲ್ಲಿ ಶತ್ರು ಬಂದು ಕೂತ ಮೇಲೆ ಉತ್ತರದ ಅಘನಾಶಿನಿ ರಾಣಿಗೆ ಎಷ್ಟು ಮುಖ್ಯವಾಗಿರಬೇಕು ಎಂಬುದನ್ನು ನಕ್ಷೆ ನೋಡಿದರೇ ಊಹಿಸಬಹುದು. ಕೊನೆಗೆ ಅವಳನ್ನು ಸೋಲಿಸಿದವರು ಪರಂಗಿಗಳಲ್ಲ, ಇಕ್ಕೇರಿಯ ನಾಯಕರು. ವೆಂಕಟಪ್ಪ ನಾಯಕನ ಸೆರೆಯಲ್ಲಿ ಅವಳು ತೀರಿಕೊಂಡಳೆಂದು ಹೇಳುತ್ತಾರೆ. ಇಷ್ಟು ದೀರ್ಘಕಾಲ ಆಳಿದ ಹೆಣ್ಣುಮಗಳ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಕಿತ್ತೂರು ಚೆನ್ನಮ್ಮ, ಅಬ್ಬಕ್ಕರ ಹೆಸರಿನಷ್ಟು ಸಲೀಸಾಗಿ ನಾಲಗೆಗೆ ಬರಬೇಕಿತ್ತು. ಇನ್ನೂ ಬಂದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಇಂದು ಕಾಣುವ ಕೋಟೆಯನ್ನೆಲ್ಲ ರಾಣಿಯೇ ಕಟ್ಟಿಸಿದಳು ಎಂದು ಊರವರು ಹೇಳಿದರೆ, ಬಿಜಾಪುರದ ಅಧಿಕಾರಿ ಷರೀಫ್ ಉಲ್ ಮುಲ್ಕ್ 17ನೇ ಶತಮಾನದಲ್ಲಿ ಕಟ್ಟಿಸಿದನೆಂಬ ವಾದವೂ ಇದೆ. ಒಂದಂತೂ ನಿಜ: ವಿಜಯನಗರ, ಬಿಜಾಪುರ, ಕೆಳದಿ, ಹೈದರಾಲಿ, ಹೀಗೆ ಪಶ್ಚಿಮ ಕರಾವಳಿಯಲ್ಲಿ ಅಧಿಕಾರ ಬಯಸಿದವರೆಲ್ಲರ ಕಣ್ಣು ಇದರ ಮೇಲೆ ಬಿದ್ದಿತ್ತು. 2000–01ರಲ್ಲಿ ಪುರಾತತ್ವ ಇಲಾಖೆ ನಡೆಸಿದ ಉತ್ಖನನದಲ್ಲಿ ಸಿಕ್ಕ ವಸ್ತುಗಳೂ ಅದನ್ನೇ ಹೇಳುತ್ತವೆ. ಕಬ್ಬಿಣದ ಫಿರಂಗಿ ಗುಂಡುಗಳು, ಚೀನಾದ ಪಿಂಗಾಣಿ ಚೂರುಗಳು, ಇಸ್ಲಾಮಿಕ್ ಬರಹದ ಫಲಕಗಳು, ಪೋರ್ಚುಗೀಸ್ ವೈಸರಾಯ್ ಟಂಕಿಸಿದ 1652ರ ಚಿನ್ನದ ನಾಣ್ಯ, ಎಲ್ಲವೂ ಈ ಹತ್ತೆಕರೆಯ ಮಣ್ಣಿನಡಿ ಇದ್ದವು.

ಇಷ್ಟೆಲ್ಲ ಜನ ಈ ಮೂಲೆಗೆ ಯಾಕೆ ಬಂದರು? ಮೆಣಸು ಒಂದು ಕಾರಣ. ಇನ್ನೊಂದು ಕಾರಣ ಅಕ್ಕಿ. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿಯ ಬಗ್ಗೆ ಬರೆದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ, ಮಿರ್ಜಾನದಿಂದ ಅಕ್ಕಿ ಹೇರಿಕೊಂಡು ಹೋಗಲು ಮಲಬಾರಿನ ದೋಣಿಗಳು ತೆಂಗಿನಕಾಯಿ, ಎಣ್ಣೆ ತುಂಬಿಕೊಂಡು ಬರುತ್ತಿದ್ದುದನ್ನು ದಾಖಲಿಸಿದ್ದಾನೆ. ಆ ಅಕ್ಕಿಯ ನೆಲ ಈಗಲೂ ಇದೆ. ಕೋಟೆಯಿಂದ ಹೊರಬಿದ್ದು ಮಾಣಿಕಟ್ಟಾ ಕಡೆಗೆ ಹೋದರೆ ಅಳಿವೆಯ ಅಂಚಿನುದ್ದಕ್ಕೂ ಗಜನಿ ಗದ್ದೆಗಳು ಕಾಣುತ್ತವೆ.

ಗಜನಿಯೆಂದರೆ ಉಪ್ಪುನೀರು ಬಂದು ಹೋಗುವ ತಗ್ಗು ಗದ್ದೆ. ಸುತ್ತ ಮಣ್ಣಿನ ಕಟ್ಟೆ, ಅದಕ್ಕೆ ಹಲಗೆಯ ಬಾಗಿಲಿರುವ ತೂಬು. ಬೇಸಿಗೆಯಲ್ಲಿ ಸಮುದ್ರದ ನೀರು ಭರತದೊಂದಿಗೆ ಒಳಗೆ ಬರುತ್ತದೆ, ಇಳಿತದೊಂದಿಗೆ ಹೋಗುತ್ತದೆ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆಯುತ್ತಿದ್ದಂತೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಬಿತ್ತುವ ಭತ್ತದ ಹೆಸರು ಕಗ್ಗ. ಬೇರೆ ತಳಿಗಳು ಸುಟ್ಟುಹೋಗುವಷ್ಟು ಉಪ್ಪನ್ನು ಅದು ತಡೆದುಕೊಳ್ಳುತ್ತದೆ. ನೆರೆ ಬಂದು ಕೆಲವು ದಿನ ಮುಳುಗಿದರೂ ಸಾಯದೆ ಮತ್ತೆ ತಲೆ ಎತ್ತುತ್ತದೆ. ಗೊಬ್ಬರವಿಲ್ಲ, ಔಷಧವಿಲ್ಲ. ನದಿ ತಂದು ಹಾಕುವ ಗೋಡುಮಣ್ಣೇ ಸಾರ. ಕೊಯ್ಲಾದ ಮೇಲೆ ಮತ್ತೆ ಉಪ್ಪುನೀರು, ಅದರ ಜೊತೆ ಮೀನು–ಸೀಗಡಿ; ಕೊಳೆತ ಕೂಳೆಯೇ ಅವಕ್ಕೆ ಮೇವು. ಒಂದೇ ಗದ್ದೆ ಮಳೆಗಾಲದಲ್ಲಿ ಗಂಜಿಗೆ ಅಕ್ಕಿ ಕೊಡುತ್ತದೆ, ಬೇಸಿಗೆಯಲ್ಲಿ ಅದೇ ಗಂಜಿಗೆ ನಂಜಿಕೊಳ್ಳಲು ಮೀನು ಕೊಡುತ್ತದೆ. ಯಾವ ವಿಶ್ವವಿದ್ಯಾಲಯವೂ ಕಲಿಸದೆ ಇಲ್ಲಿನ ರೈತರು ರೂಪಿಸಿಕೊಂಡ ಈ ಕ್ರಮವನ್ನು ಸೀಗಡಿ ಸಾಕಣೆಯ ಹಣದಾಸೆ ಹಲವೆಡೆ ಕೆಡಿಸಿತು. ಕಟ್ಟೆಗಳು ಒಡೆದವು, ಕಗ್ಗ ಬಿತ್ತುವವರು ಕಡಿಮೆಯಾದರು. ಮಾಣಿಕಟ್ಟಾದ ರೈತರು ಒಟ್ಟಾಗಿ ಬೀಜ ಉಳಿಸಿಕೊಂಡು ಸಾಮೂಹಿಕವಾಗಿ ಬೇಸಾಯ ಮಾಡಿದ್ದರಿಂದ ತಳಿ ಇನ್ನೂ ಕಣ್ಣೆದುರಿಗಿದೆ. ಸಮುದ್ರ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಅವರು ಕಾಪಾಡಿದ್ದು ತಮ್ಮ ಊಟವನ್ನಷ್ಟೇ ಅಲ್ಲ.

ನದಿಯ ಉತ್ತರ ದಂಡೆಯಲ್ಲಿ, ಗೋಕರ್ಣದ ಹಾದಿಗೆ ಹತ್ತಿರ ಸಾಣಿಕಟ್ಟಾ. ಫೆಬ್ರುವರಿಯ ನಂತರ ಹೋದರೆ ಉಪ್ಪಿನಾಗರಗಳಲ್ಲಿ ಕೆಲಸ ನಡೆದಿರುತ್ತದೆ. ಭರತದ ನೀರನ್ನು ಕಾಲುವೆಯಲ್ಲಿ ತಂದು, ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಲ್ಲಿ ಗಟ್ಟಿಯಾಗಿಸಿ, ಕೊನೆಯ ಮಡಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಎಳೆದು ರಾಶಿ ಹಾಕುತ್ತಾರೆ. ಮಡಿಯ ಜೇಡಿನೆಲವನ್ನು ತುಳಿದು ಹದ ಮಾಡುವುದೇ ದೊಡ್ಡ ಕೆಲಸ. ಅಂಗಡಿಯ ಪುಡಿ ಉಪ್ಪಿನಷ್ಟು ಇದು ಬೆಳ್ಳಗಿರುವುದಿಲ್ಲ. ಮಣ್ಣಿನ ಬಣ್ಣ ತುಸು ಇರುತ್ತದೆ. ಆದರೆ ಮಲೆನಾಡು–ಕರಾವಳಿಯ ಎಷ್ಟೋ ಮನೆಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಗೆ ಈ ಹರಳುಪ್ಪೇ ಬೇಕು. ಸೀಮೆಯ ಹೋರಾಟದ ಕಥೆಯಲ್ಲೂ ಉಪ್ಪಿದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಇಲ್ಲಿಗೆ ಹತ್ತಿರದ ಅಂಕೋಲೆಯ ಕಡಲತೀರದಲ್ಲಿ. ಸಾಣಿಕಟ್ಟಾದ ಮಗ್ಗುಲಿನ ಹನೇಹಳ್ಳಿ 1928ರಲ್ಲಿ ಯಶವಂತ ಚಿತ್ತಾಲರು ಹುಟ್ಟಿದ ಊರು. ಅವರ ಕತೆಗಳನ್ನು ಓದಿದವರಿಗೆ ಈ ಬೇಣ, ಗದ್ದೆ, ಹಿತ್ತಿಲುಗಳಲ್ಲಿ ನಡೆಯುವಾಗ ಯಾವುದೂ ಹೊಸದೆನಿಸುವುದಿಲ್ಲ.

ಸಾಣಿಕಟ್ಟಾ ದಾಟಿ ತದಡಿಗೆ ಬಂದರೆ ಅಳಿವೆ ಬಾಯಿ ತೆರೆದುಕೊಳ್ಳುತ್ತದೆ. ಈಚೆ ತದಡಿಯ ಮೀನುಗಾರಿಕಾ ಬಂದರು, ಆಚೆ ದಡದಲ್ಲಿ ಅಘನಾಶಿನಿ ಎಂಬ ಊರು. ದೋಣಿಯಲ್ಲಿ ದಾಟುವಾಗ ಎಡಕ್ಕೆ ಸಹ್ಯಾದ್ರಿಯ ಸಾಲು, ಬಲಕ್ಕೆ ಸಮುದ್ರ, ನಡುವೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಸಿರು. ಈ ಕರಾವಳಿಯ ರಚನೆಯೆಲ್ಲ ಒಂದೇ ನೋಟಕ್ಕೆ ಸಿಗುವ ಜಾಗ ನನಗೆ ಗೊತ್ತಿರುವಂತೆ ಇದೇ. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ನೀರಿನಲ್ಲಿಳಿದು ಚಿಪ್ಪಿಕಲ್ಲು ಹೆಕ್ಕುತ್ತಿರುತ್ತಾರೆ. ಬಲೆ, ದೋಣಿ ಯಾವುದೂ ಇಲ್ಲದವರಿಗೂ ಈ ಅಳಿವೆ ಊಟ ಕೊಡುತ್ತದೆ. ಆಚೆ ದಡ ಸೇರಿ ದಕ್ಷಿಣಕ್ಕೆ ನಡೆದರೆ ಕಾಗಾಲ, ಬಾಡ, ಮುಂದೆ ಕುಮಟಾದವರೆಗೂ ಒಂದಾದ ಮೇಲೊಂದು ಮರಳತೀರ, ನಡುವೆ ಕಲ್ಲುಗುಡ್ಡ. ಗೋಕರ್ಣದ ಗದ್ದಲ ಈ ದಡಕ್ಕೆ ಬಂದಿಲ್ಲ. ನಡೆಯುವ ಹಂಬಲವಿರುವವರು ಬೆಳಿಗ್ಗೆ ಬೇಗ ಹೊರಡಬೇಕು, ನೀರು ಹೊತ್ತೊಯ್ಯಬೇಕು.

ಕುಮಟಾ ಪಟ್ಟಣದ ಬಂದರಿಗೂ ಒಂದು ಕಾಲವಿತ್ತು. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಇಲ್ಲಿಂದ ಹಡಗು ಹತ್ತುತ್ತಿತ್ತು. ಹಾಗಾಗಿ ದೂರದ ಮಾರುಕಟ್ಟೆಗಳಲ್ಲಿ ಬಯಲುಸೀಮೆಯ ಆ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು. ಗೋವೆಯ ಮುರಗಾಂವ ಬಂದರಿಗೆ ರೈಲು ಬಂದ ಮೇಲೆ ಆ ವ್ಯಾಪಾರ ಅತ್ತ ಹೋಯಿತು.

ಬಂದರಿನ ಗತ್ತು ಹೋದರೂ ನದಿ ಹಾಗೇ ಉಳಿಯಿತು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಇಲ್ಲಿ ಕಡಲು ಸೇರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಕಾಳಿ, ಶರಾವತಿಗಳ ಬಗ್ಗೆ ಹೀಗೆ ಹೇಳುವಂತಿಲ್ಲ. ತದಡಿಯಲ್ಲಿ 4000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ತರುವ ಯೋಜನೆ ಜನರ ವಿರೋಧದಿಂದ ನಿಂತುಹೋಯಿತು. 2024ರಲ್ಲಿ ಅಳಿವೆಗೆ ರಾಮ್‌ಸಾರ್ ಮನ್ನಣೆ ಸಿಕ್ಕಿತು. 4801 ಹೆಕ್ಟೇರ್ ಜಾಗ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಹಾಗಿದ್ದೂ ನದಿಯ ನೀರನ್ನು ವೇದಾವತಿಯ ಕಡೆಗೆ ತಿರುಗಿಸುವ ಪ್ರಸ್ತಾವ ಬಂದಿದೆ. ಮೇಲಿಂದ ಸಿಹಿನೀರು ಕಡಿಮೆಯಾದರೆ ಅಳಿವೆಯ ಉಪ್ಪಿನ ಲೆಕ್ಕ ತಪ್ಪುತ್ತದೆ. ಗಜನಿಯ ಉಪ್ಪು ತೊಳೆಯುವ ನೀರು, ಚಿಪ್ಪಿಕಲ್ಲು ಬೆಳೆಯುವ ಹದ, ಮೀನಿನ ಮರಿಗಳು ಬೆಳೆಯುವ ಕಾಂಡ್ಲಾ, ಎಲ್ಲವೂ ಆ ಲೆಕ್ಕದ ಮೇಲೆಯೇ ನಿಂತಿವೆ. ನದಿಯನ್ನು ಅದರ ಪಾಡಿಗೆ ಬಿಡುವುದೇ ಸರಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಕೊಂಕಣ ರೈಲಿನಲ್ಲಿ ಬರುವವರು ಕುಮಟಾ ಅಥವಾ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ಕೋಟೆಗೆ ಬೆಳಗಿನ ಹೊತ್ತು ಒಳ್ಳೆಯದು. ಕಗ್ಗದ ಪೈರು ನೋಡಲು ಮಳೆಗಾಲದ ಕೊನೆಗೆ ಬನ್ನಿ, ಉಪ್ಪಿನಾಗರಕ್ಕೆ ಮಾರ್ಚ್–ಏಪ್ರಿಲಿನಲ್ಲಿ. ಗಜನಿ ಕಟ್ಟೆಯ ಮೇಲೆ ನಡೆಯುವ ಮುನ್ನ ಗದ್ದೆಯವರನ್ನು ಒಂದು ಮಾತು ಕೇಳಿ; ಮಣ್ಣಿನ ಕಟ್ಟೆ, ಕುಸಿದರೆ ಊರಿಗೂರೇ ಸೇರಿ ಕಟ್ಟಬೇಕಾಗುತ್ತದೆ. ತಂದ ಪ್ಲಾಸ್ಟಿಕ್ಕನ್ನು ವಾಪಸು ಒಯ್ಯಿರಿ. ಹೋಗುವಾಗ ಸಾಣಿಕಟ್ಟಾದ ಉಪ್ಪು ಒಂದು ಚೀಲ, ಸಿಕ್ಕರೆ ಕಗ್ಗದ ಅಕ್ಕಿ ಐದು ಕಿಲೊ ಕೊಂಡುಕೊಳ್ಳಿ. ಬೆಳೆದವರ ಕೈಗೇ ದುಡ್ಡು ಕೊಡಿ.