ಸದ್ದಲೇ ಅಂದ್ರೂ ಸುಮ್ಮನಾಗದ ಜೇಬು

ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅಂತ ಕೂಗಿದ್ರೆ ಲಕ್ಷಾಂತರ ಜನ ಗಪ್‌ಚುಪ್. ಆಮೇಲೆ ಒಂದೇ ಸಾಲಿನ ಕಾರ್ಣಿಕ. ಆ ಮೌನದಲ್ಲಿ ನಿಂತಿದ್ದಾಗ ನನ್ನ ಜೇಬು ನಡುಗಿದಂಗಾಯ್ತು. ಫೋನ್ ತೆಗೆದು ನೋಡಿದ್ರೆ ಮೆಸೇಜೇ ಇಲ್ಲ! ಕಾರ್ಣಿಕ ಮಾತ್ರ ಮಿಸ್ ಆಯ್ತು.

ಇದಕ್ಕೆ ಫ್ಯಾಂಟಮ್ ವೈಬ್ರೇಶನ್ ಅಂತಾರೆ. ಏನೋ ಬರಬಹುದು ಅಂತ ಮೆದುಳು ಸದಾ ಕಾಯ್ತಿದ್ರೆ ಬಟ್ಟೆ ಉಜ್ಜಿದ್ದನ್ನೂ ಮೆಸೇಜ್ ಅಂದ್ಕೊಳ್ಳುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಥ್ರೆಶೋಲ್ಡ್ ತೀರಾ ಕೆಳಗಿಟ್ಟ ಡಿಟೆಕ್ಟರ್; ನಾಯ್ಸ್ ಕೂಡ ಸಿಗ್ನಲ್ಲೇ. ನನಗನಿಸೋದು, ಸುಸ್ತು ಬರೋದು ಮೆಸೇಜಿನಿಂದಲ್ಲ, ಈ ಕಾಯೋದರಿಂದ. ಕೊಟ್ಟೂರಿನಲ್ಲಿರೋ ನಮ್ಮವ್ವನೂ ಕಾಯ್ತಾಳೆ: ಬ್ಲೂ ಟಿಕ್ ಬಂದು ಹತ್ತು ನಿಮಿಷ ಉತ್ತರ ಇಲ್ಲಾಂದ್ರೆ ಕಾಲ್.

ಇನ್ನೊಂದು ಸಂಗತಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದೇನೇ ಉಳಿಯುತ್ತೆ. 2009ರಲ್ಲಿ ಸೋಫಿ ಲೆರಾಯ್ ಇದನ್ನ ಅಟೆನ್ಶನ್ ರೆಸಿಡ್ಯೂ ಅಂತ ಕರೆದ್ರು. ಇಂಟರ್ನಲ್ಸ್ ಹಿಂದಿನ ರಾತ್ರಿ ಒಂದೇ ಪುಟವನ್ನ ನಾಲ್ಕು ಸಲ ಓದೋದು ಇದಕ್ಕೇ ಇರಬೇಕು. ದಡ್ಡರಾಗಿದ್ದಕ್ಕಲ್ಲ, ಬಿಡಿ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಂತ ‘ಶಟ್’ ಕ್ಲಿನಿಕ್ ಶುರು ಮಾಡ್ತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯಿಂದ ಅಲ್ಲೀತನಕ ಹೋಗೋದು ಕಷ್ಟ. ಆದ್ರೆ ಟೆಲಿ ಮಾನಸ್ 14416ಕ್ಕೆ ಕಾಲ್ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಪೂರ್ತಿ ಕೆಟ್ಟು ಹೋಗೋವರೆಗೆ ಕಾಯಬೇಡಿ.

ನಾನೀಗ ರಾತ್ರಿ ಫೋನನ್ನ ರೂಮ್‌ಮೇಟ್ ಕಪಾಟಿನಲ್ಲಿಟ್ಟು ಮಲಗ್ತೀನಿ. ಮೊದಲ ವಾರ ಎರಡು ಸಲ ಎದ್ದು ಹುಡುಕಿದ್ದೆ. ಅವ್ವನಿಗೆ ಅವನ ನಂಬರ್ ಕೊಟ್ಟಿದ್ದೀನಿ; ಈಗ ಅವನಿಗೇ ಕಾಲ್ ಬರುತ್ತೆ.