ಒಂದೇ ಪಂಕ್ತಿಗೆ ಏನು ಅರ್ಹತೆ?

ಕ್ರಿ.ಶ. 50ರ ಆಸುಪಾಸು. ಈಗ ತುರ್ಕಿಯಲ್ಲಿರುವ, ಆಗ ಸಿರಿಯಾ ಪ್ರಾಂತದ ದೊಡ್ಡ ಪಟ್ಟಣವಾಗಿದ್ದ ಅಂತಿಯೋಕ್ಯ. ಅಲ್ಲಿನ ಯೇಸುಭಕ್ತರ ಸಭೆಯಲ್ಲಿ ಯೆಹೂದ್ಯರೂ ಇದ್ದರು, ಯೆಹೂದ್ಯರಲ್ಲದ ಅನ್ಯಜನರೂ ಇದ್ದರು. ಒಟ್ಟಿಗೇ ಕೂತು ಉಣ್ಣುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಅವರ ನಡುವೆ ಕೂರುತ್ತಿದ್ದ. ಯೆರೂಸಲೇಮಿನಿಂದ ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದದ್ದೇ ತಡ, ಪೇತ್ರ ಮೆಲ್ಲಗೆ ಎದ್ದು ಬೇರೆ ಪಂಕ್ತಿ ಹಿಡಿದ. ಉಳಿದ ಯೆಹೂದ್ಯರೂ ಹಿಂದೆಯೇ ಎದ್ದರು, ಅನ್ಯಜನರಿಗೆ ಯೇಸುವನ್ನು ಸಾರುತ್ತಿದ್ದ ಅಪೊಸ್ತಲ ಪೌಲನ ಜೊತೆಗಾರ ಬಾರ್ನಬ ಕೂಡ. ಪೌಲ ಸುಮ್ಮನಿರಲಿಲ್ಲ, ಎಲ್ಲರೆದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಇದನ್ನು ಅವನೇ ಬರೆದಿಟ್ಟಿದ್ದಾನೆ. ಪೇತ್ರ ಏನೆಂದು ಉತ್ತರ ಕೊಟ್ಟ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಕರಪತ್ರಗಳಲ್ಲಿ, ಬೋಧನೆಗಳಲ್ಲಿ ನಾವು ಕೇಳುವ ‘ನಂಬಿಕೆಯಿಂದ ರಕ್ಷಣೆ’ ಎಂಬ ಮಾತಿನ ತರ್ಕವನ್ನು ಪೌಲ ಬಿಡಿಸಿಡುವುದು ಈ ಊಟದ ಜಗಳದ ಬೆನ್ನಿಗೇ. ಸತ್ತ ಮೇಲೆ ನನ್ನ ಗತಿಯೇನು ಎಂಬ ಒಂಟಿ ಮನುಷ್ಯನ ಪ್ರಶ್ನೆ ಅಲ್ಲಿ ಇಲ್ಲವೆಂದಲ್ಲ. ಆದರೆ ಮುಂದೆ ನಿಂತಿರುವ ಪ್ರಶ್ನೆ ಬೇರೆ: ದೇವರ ಜನ ಅನ್ನಿಸಿಕೊಳ್ಳಲು ಅನ್ಯಜನ ಮೊದಲು ಯೆಹೂದ್ಯನಾಗಬೇಕೇ?

ಆ ಕಾಲದಲ್ಲಿ ಯೆಹೂದ್ಯರ, ಅನ್ಯಜನರ ನಡುವಿನ ಬೇಲಿ ಎಷ್ಟು ಗಟ್ಟಿ ಎಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಯೆರೂಸಲೇಮಿನ ದೇವಾಲಯದ ಹೊರ ಅಂಗಳದವರೆಗೆ ಯಾರು ಬೇಕಾದರೂ ಬರಬಹುದಿತ್ತು. ಅದರಾಚೆಗೆ ಒಂದು ಅಡ್ಡಗೋಡೆ. ದಾಟಿ ಒಳಬಂದ ಪರಕೀಯನ ಸಾವಿಗೆ ಅವನೇ ಹೊಣೆ ಎಂದು ಗ್ರೀಕಿನಲ್ಲಿ ಕೆತ್ತಿದ ಎಚ್ಚರಿಕೆ. ಅಂಥ ಒಂದು ಇಡೀ ಫಲಕ 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಹಾಗೆಂದು ಅನ್ಯಜನರಿಗೆ ಯೆಹೂದ್ಯರ ದೇವರು ದೂರವಾಗಿರಲಿಲ್ಲ. ಸಭಾಮಂದಿರಗಳಿಗೆ ಬಂದು ಧರ್ಮಶಾಸ್ತ್ರ ಕೇಳುತ್ತಿದ್ದ ಗ್ರೀಕರೂ ರೋಮನರೂ ಇದ್ದರು. ಪೂರ್ತಿ ಒಳಗಿನವರಾಗಬೇಕಿದ್ದರೆ ಗಂಡಸರಿಗೆ ಸುನ್ನತಿ, ಜೊತೆಗೆ ಸಬ್ಬತ್ತು, ಊಟದ ನೇಮ.

ಯೇಸುವೂ ಅವನ ಮೊದಲ ಶಿಷ್ಯರೂ ಯೆಹೂದ್ಯರೇ. ಹಾಗಾಗಿ ‘ಯೇಸುವನ್ನು ನಂಬುವುದು ಸರಿ, ಸುನ್ನತಿಯೂ ಆಗಲಿ’ ಎಂದವರ ಮಾತು ವಿಚಿತ್ರವೇನಲ್ಲ. ಅವರ ಕೈಯಲ್ಲಿದ್ದ ಶಾಸ್ತ್ರ ಹಾಗೇ ಹೇಳುತ್ತಿತ್ತು. ಸುಮಾರು 49ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಕೂಡಿ ಚರ್ಚಿಸಿದರೆಂದು ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ ಹೇಳುತ್ತದೆ. ತೀರ್ಮಾನ: ಅನ್ಯಜನರಿಗೆ ಸುನ್ನತಿ ಬೇಡ, ನಾಲ್ಕನ್ನು ಬಿಟ್ಟರೆ ಸಾಕು. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿ, ಹಾದರ. ನಾಲ್ಕರಲ್ಲಿ ಮೂರು ಊಟಕ್ಕೇ ಸಂಬಂಧಿಸಿದವು ಎಂಬುದನ್ನು ಗಮನಿಸಿ.

ಇನ್ನು ಪೌಲನ ತರ್ಕ. ಅವನು ಮೊದಲು ಹಿಡಿಯುವುದು ಅಬ್ರಹಾಮನನ್ನು, ಎಂದರೆ ಎದುರಾಳಿಗಳ ಮೂಲಪುರುಷನನ್ನೇ. ಅಬ್ರಹಾಮ ದೇವರನ್ನು ನಂಬಿದ, ಅದು ಅವನ ಪಾಲಿಗೆ ನೀತಿಯೆಂದು ಎಣಿಕೆಯಾಯಿತು ಎಂಬುದು ಆದಿಕಾಂಡದ 15ನೇ ಅಧ್ಯಾಯದ ಮಾತು. ಸುನ್ನತಿಯ ಆಜ್ಞೆ ಬರುವುದು 17ನೇ ಅಧ್ಯಾಯದಲ್ಲಿ. ನಡುವೆ ಅಬ್ರಹಾಮನಿಗೆ ದಾಸಿ ಹಾಗರಳಲ್ಲಿ ಮಗ ಇಷ್ಮಾಯೇಲ ಹುಟ್ಟಿ 13 ವರ್ಷದವನಾಗಿದ್ದಾನೆ. ಅಂದರೆ ದೇವರು ಒಪ್ಪಿಕೊಂಡಾಗ ಅಬ್ರಹಾಮನಿಗೆ ಸುನ್ನತಿಯೇ ಆಗಿರಲಿಲ್ಲ. ಹಾಗಾದರೆ ಅವನು ಸುನ್ನತಿಯಾದವರಿಗೂ ಆಗದವರಿಗೂ ತಂದೆ, ಎನ್ನುತ್ತಾನೆ ಪೌಲ. ವಕೀಲನ ವಾದದಂತಿದೆ, ನಿಜ. ನುರಿತ ವಕೀಲನದು.

ಎರಡನೆಯದು ಕೃಪೆ. ಪುಕ್ಕಟೆ ಕೊಡುವುದು ಎಂದಷ್ಟೇ ಅರ್ಥ ಮಾಡಿಕೊಂಡರೆ ಅದರ ಹರಿತ ತಿಳಿಯುವುದಿಲ್ಲ. ಕೊಡುವ ಮುನ್ನ ಪಡೆಯುವವನ ಯೋಗ್ಯತೆ ನೋಡಬೇಕೆಂಬುದು ಆಗಿನ ರೋಮನ್ ವಿವೇಕ. ಪೌಲನ ಸಮಕಾಲೀನನಾದ ಸೆನೆಕ ಉಪಕಾರದ ಬಗ್ಗೆ ಏಳು ಭಾಗಗಳ ಗ್ರಂಥವನ್ನೇ ಬರೆದು, ಯಾರಿಗೆ ಕೊಡಬೇಕೆಂದು ಆರಿಸುವ ಎಚ್ಚರವನ್ನು ಕಲಿಸುತ್ತಾನೆ. ಪೌಲನ ದೇವರು ಆ ಎಚ್ಚರ ವಹಿಸುವುದಿಲ್ಲ. ಕುಲ, ಶಾಸ್ತ್ರಜ್ಞಾನ, ನಡತೆ ಯಾವುದನ್ನೂ ನೋಡದೆ ಕ್ರಿಸ್ತನನ್ನು ಕೊಟ್ಟುಬಿಟ್ಟಿದ್ದಾನೆ. ಪೌಲನ ಪ್ರಕಾರ ಯೆಹೂದ್ಯನೂ ಪಾಪಿ, ಗ್ರೀಕನೂ ಪಾಪಿ. ಇಬ್ಬರಿಗೂ ಬಾಗಿಲು ಒಂದೇ. ಆ ಕೊಡುಗೆಯ ಮೇಲೆ ಭಾರ ಹಾಕಿ ನಿಲ್ಲುವುದೇ ನಂಬಿಕೆ. ಅದು ಪಡೆದ ಮೇಲೆ ಕೈಕಟ್ಟಿ ಕೂರುವುದಲ್ಲ. ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಯ ಬಗ್ಗೆ ಗಲಾತ್ಯ ಪತ್ರಿಕೆಯೇ ಹೇಳುತ್ತದೆ.

ಇದೆಲ್ಲ ತುಂಬಿ ಬಂದಿರುವುದು ಸುಮಾರು 57ರಲ್ಲಿ ಕೊರಿಂಥದಿಂದ ರೋಮಿಗೆ ಹೋದ ಪತ್ರಿಕೆಯಲ್ಲಿ. ಹೇಳಿ ಬರೆಸಿದ್ದು ಪೌಲ, ಬರೆದುಕೊಂಡವನು ತೆರ್ತ್ಯ. ಒಯ್ದವಳು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ. ರೋಮಿನ ಸ್ಥಿತಿ ಅಂತಿಯೋಕ್ಯದ ತಿರುಗುಮುರುಗು. ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ನಗರದಿಂದ ಹೊರಹಾಕಿದ್ದ. ಅಕ್ವಿಲ, ಪ್ರಿಸ್ಕ ದಂಪತಿ ಕೊರಿಂಥಕ್ಕೆ ಬಂದದ್ದು ಹಾಗೆ. ಅವರಂಥವರು ರೋಮಿಗೆ ಮರಳುವ ಹೊತ್ತಿಗೆ ಸಭೆಗಳಲ್ಲಿ ಅನ್ಯಜನರ ಕೈ ಮೇಲಾಗಿತ್ತೆಂದು ಅನೇಕ ವಿದ್ವಾಂಸರ ಊಹೆ. ಬರೀ ಸೊಪ್ಪು ತರಕಾರಿ ತಿನ್ನುವವರನ್ನು ಎಲ್ಲವನ್ನೂ ತಿನ್ನುವವರು ಹೀಗಳೆಯುತ್ತಿದ್ದರು. ಹಾಗಾಗಿ 11ನೇ ಅಧ್ಯಾಯದಲ್ಲಿ ಪೌಲ ಅನ್ಯಜನರ ಕಿವಿ ಹಿಂಡುತ್ತಾನೆ: ನೀವು ಊರಿನ ಎಣ್ಣೇಮರಕ್ಕೆ ಕಸಿ ಕಟ್ಟಿದ ಕಾಡುಕೊಂಬೆ, ಬೇರನ್ನು ನೀವು ಹೊತ್ತಿಲ್ಲ, ಬೇರು ನಿಮ್ಮನ್ನು ಹೊತ್ತಿದೆ. ಇಸ್ರಾಯೇಲರಿಗೆ ಕೊಟ್ಟ ವರವನ್ನು ದೇವರು ಹಿಂತೆಗೆಯುವುದಿಲ್ಲ ಎಂದೂ ಸೇರಿಸುತ್ತಾನೆ.

ಚರ್ಚಿನ ಇತಿಹಾಸದಲ್ಲಿ ಅತ್ಯಂತ ದುಬಾರಿಯಾದ ಮರೆವು ಈ ಅಧ್ಯಾಯದ್ದೇ ಎಂದು ನನಗನ್ನಿಸುತ್ತದೆ. ಪುಣ್ಯ ಕೂಡಿಹಾಕಿ ರಕ್ಷಣೆ ಕೊಳ್ಳುವವರು ಯೆಹೂದ್ಯರು, ಕೃಪೆ ಬಲ್ಲವರು ನಾವು ಎಂಬ ಚಿತ್ರ ಶತಮಾನಗಳ ಕಾಲ ನಡೆಯಿತು. 1977ರಲ್ಲಿ ವಿದ್ವಾಂಸ ಇ. ಪಿ. ಸ್ಯಾಂಡರ್ಸ್ ಪೌಲನ ಕಾಲದ ಯೆಹೂದ್ಯ ಬರಹಗಳನ್ನು ಮುಂದಿಟ್ಟು ಅದನ್ನು ಅಲುಗಾಡಿಸಿದರು. ಅಲ್ಲಿಯೂ ದೇವರು ಆರಿಸಿಕೊಳ್ಳುವುದು ಮೊದಲು, ಧರ್ಮಶಾಸ್ತ್ರ ಪಾಲಿಸುವುದು ಅದಕ್ಕೆ ಉತ್ತರವಾಗಿ. ಅಷ್ಟೇ ಅಲ್ಲ, ನೀತಿವಂತ ಅನ್ಯಜನನಿಗೂ ಬರುವ ಲೋಕದಲ್ಲಿ ಪಾಲುಂಟು, ಅವನು ಯೆಹೂದ್ಯನಾಗಬೇಕಿಲ್ಲ ಎಂಬುದು ರಬ್ಬಿಗಳ ಪರಂಪರೆಯಲ್ಲಿ ಬೇರೂರಿದ ನಿಲುವು. ವ್ಯತ್ಯಾಸವಿರುವುದು ಯೇಸು ಯಾರೆಂಬುದರಲ್ಲಿ.

ಕ್ರೈಸ್ತರೊಳಗಿನ ಜಗಳ ಇನ್ನೊಂದು ಬಗೆಯದು. ಯಾಕೋಬನ ಪತ್ರಿಕೆ ಅದೇ ಅಬ್ರಹಾಮನನ್ನು ಹಿಡಿದು, ನಂಬಿಕೆಯೊಂದೇ ಸಾಲದು, ಕ್ರಿಯೆಯೂ ಬೇಕು ಎನ್ನುತ್ತದೆ. ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ 16ನೇ ಶತಮಾನದಲ್ಲಿ ಪೌಲನನ್ನು ಹಿಡಿದರು. 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಅವರ ನಿಲುವನ್ನು ತಳ್ಳಿಹಾಕಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರ ಒಪ್ಪಿಗೆ ಕೃಪೆಯಿಂದಲೇ, ಸತ್ಕ್ರಿಯೆ ಅದರ ಫಲ. ಮೆಥೊಡಿಸ್ಟರು 2006ರಲ್ಲಿ ಸೇರಿಕೊಂಡರು. ಯೆಹೂದ್ಯರ ವಿಷಯಕ್ಕೆ ಬಂದರೆ, ಅವರನ್ನು ಗುರಿಯಾಗಿಸಿದ ಸಾಂಸ್ಥಿಕ ಮಿಷನ್ ಕಾರ್ಯವನ್ನು ತಾನು ನಡೆಸುವುದೂ ಇಲ್ಲ, ಬೆಂಬಲಿಸುವುದೂ ಇಲ್ಲ ಎಂದು ಕಥೋಲಿಕ ಸಭೆ 2015ರ ದಾಖಲೆಯಲ್ಲಿ ಹೇಳಿತು. ಹಲವು ಇವಾಂಜೆಲಿಕಲ್ ಸಭೆಗಳು ಇದನ್ನು ಒಪ್ಪುವುದಿಲ್ಲ.

ಪಂಕ್ತಿಯ ಪ್ರಶ್ನೆ ನಮ್ಮ ದಕ್ಷಿಣಕ್ಕೂ ಬಂದಿತ್ತು. ತಂಜಾವೂರು ಸೀಮೆಯ ಚರ್ಚುಗಳಲ್ಲಿ ಜಾತಿವಾರು ಕೂರುವುದು, ಪ್ರಭುಭೋಜನವನ್ನು ಬೇರೆಬೇರೆಯಾಗಿ ಪಡೆಯುವುದು ನಡೆದಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಅದನ್ನು ಕೂಡಲೇ ಬಿಡಬೇಕೆಂದು ಪತ್ರ ಬರೆದಾಗ ಸಭೆ ಬಿಟ್ಟವರು ಕಡಿಮೆಯೇನಲ್ಲ.

ಸ್ವತಃ ಓದಿ ನೋಡಬೇಕೆನ್ನುವವರು ರೋಮಾಪುರ ಪತ್ರಿಕೆಯನ್ನು ಮೊದಲ ಅಧ್ಯಾಯದಿಂದ ಶುರು ಮಾಡಿದರೆ ಪಾಪದ ಪಟ್ಟಿಯಲ್ಲೇ ದಣಿಯುತ್ತಾರೆ. ಗಲಾತ್ಯದ 2ನೇ ಅಧ್ಯಾಯದಿಂದ ತೊಡಗಿ, ರೋಮಾಪುರದ 14ಕ್ಕೆ ಹೋಗಿ, ಆಮೇಲೆ 4ನೆಯದನ್ನೂ 9ರಿಂದ 11ರವರೆಗಿನದನ್ನೂ ಓದಿ. ಬರೀ ಹೆಸರುಗಳ ಸಾಲೆಂದು ಎಲ್ಲರೂ ಹಾರಿಸುವ 16ನೆಯದನ್ನು ಬಿಡಬೇಡಿ: ಯೆಹೂದ್ಯ, ಗ್ರೀಕ್, ಲ್ಯಾಟಿನ್ ಹೆಸರುಗಳು, ಗುಲಾಮರಿಗೆ ಇಡುತ್ತಿದ್ದ ಹೆಸರುಗಳು, ಹೆಂಗಸರ ಹೆಸರುಗಳು ಅಲ್ಲಿ ಬೆರೆತುಹೋಗಿವೆ.