ಮೂವತ್ತೊಂಬತ್ತು ಅಂಕಿಗಳ ಅವಿಭಾಜ್ಯ ಸಂಖ್ಯೆ

ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವ ಪೂರ್ಣಾಂಕದಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡದಾದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆಯೆಂದು ಹೆಸರು. 2, 3, 5, 7 ಶಾಲಾ ಬಾಲಕರಿಗೂ ಪರಿಚಿತವಾದವು. ಆದರೆ 127 ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದ ಲಬ್ಧದಿಂದ 1ನ್ನು ಕಳೆದರೆ ದೊರೆಯುವ ಸಂಖ್ಯೆ ಇದು:

170141183460469231731687303715884105727

ಇದು ಅವಿಭಾಜ್ಯವೆಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಸಾರಿದನು. ಸಾಧನೆಯನ್ನು ಮಾತ್ರ ಕೊಡಲಿಲ್ಲ. 127ರ ಸ್ಥಾನದಲ್ಲಿ 67 ಅಥವಾ 257 ಎರಡುಗಳನ್ನು ಗುಣಿಸಿ 1ನ್ನು ಕಳೆದರೆ ಬರುವ ಸಂಖ್ಯೆಗಳನ್ನೂ ಆತನು ಅವಿಭಾಜ್ಯವೆಂದೇ ಎಣಿಸಿದ್ದನು. ಅವೆರಡೂ ತಪ್ಪೆಂದು ಮುಂದೆ ಸಿದ್ಧವಾಯಿತು. ಗಣಿತದಲ್ಲಿ ಹಿರಿಯರ ಮಾತೊಂದೇ ಪ್ರಮಾಣವಾಗಲಾರದು.

ಹಾಗಾದರೆ ಪರೀಕ್ಷಿಸುವ ಬಗೆ ಯಾವುದು? ವರ್ಗಮೂಲದವರೆಗಿನ ಸಂಖ್ಯೆಗಳಿಂದ ಭಾಗಿಸಿ ನೋಡುವುದು ನೇರವಾದ ದಾರಿ. ಆದರೆ ಇಲ್ಲಿ ವರ್ಗಮೂಲವೇ 20 ಅಂಕಿಗಳದು. ಸೆಕೆಂಡಿಗೆ ಒಂದು ಬೆಸಸಂಖ್ಯೆಯಂತೆ ಭಾಗಿಸುತ್ತ ಹೋದರೂ 20 ಸಾವಿರ ಕೋಟಿ ವರ್ಷಗಳಿಗೂ ಅಧಿಕ ಕಾಲ ಬೇಕು.

1876ರಲ್ಲಿ ಫ್ರೆಂಚ್ ಗಣಿತಜ್ಞ ಎದುವಾರ್ ಲ್ಯುಕಾ ಬೇರೊಂದು ಮಾರ್ಗವನ್ನು ಕಂಡು, ಯಂತ್ರದ ನೆರವಿಲ್ಲದೆಯೇ ಈ ಸಂಖ್ಯೆಯ ಅವಿಭಾಜ್ಯತೆಯನ್ನು ಸಾಧಿಸಿದನು. ಅಮೆರಿಕದ ಲೆಹ್ಮರ್ 1930ರ ದಶಕದಲ್ಲಿ ಆ ವಿಧಾನವನ್ನು ಸರಳಗೊಳಿಸಿದನು. ಐದು ಎರಡುಗಳಿಂದಾಗುವ 31ರ ಉದಾಹರಣೆಯನ್ನು ತೆಗೆದುಕೊಳ್ಳೋಣ. 4ರಿಂದ ಆರಂಭಿಸಿ, ವರ್ಗ ಮಾಡಿ 2ನ್ನು ಕಳೆದರೆ 14. ಪುನಃ ಹಾಗೆಯೇ ಮಾಡಿದರೆ 194. ಅದನ್ನು 31ರಿಂದ ಭಾಗಿಸಿದರೆ ಶೇಷ 8. ಮತ್ತೊಮ್ಮೆ ಮಾಡಿದರೆ 62, ಶೇಷ ಸೊನ್ನೆ. ಎರಡುಗಳ ಎಣಿಕೆ ಬೆಸ ಅವಿಭಾಜ್ಯವಾಗಿರುವಲ್ಲಿ, ಆ ಎಣಿಕೆಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ನಮ್ಮ ಮಹಾಸಂಖ್ಯೆಗೆ ಇಂತಹ 125 ಮೆಟ್ಟಿಲುಗಳು ಸಾಕು.

ಈ ಪರೀಕ್ಷೆ ಅಪವರ್ತನಗಳನ್ನು ಹುಡುಕುವುದೇ ಇಲ್ಲ. 67 ಎರಡುಗಳ ಸಂಖ್ಯೆ ಅವಿಭಾಜ್ಯವಲ್ಲವೆಂದು ಲ್ಯುಕಾ ತೋರಿಸಿದ್ದರೂ, ಅದರ ಅಪವರ್ತನಗಳು 193707721 ಮತ್ತು 761838257287 ಎಂದು ಅಮೆರಿಕದ ಕೋಲ್ ಕಂಡುಹಿಡಿದದ್ದು 1903ರಲ್ಲಿ. ಸಂಖ್ಯೆ ಒಡೆಯುವುದೆಂದು ತಿಳಿಯುವುದು ಬೇರೆ, ಒಡೆದು ತೋರಿಸುವುದು ಬೇರೆ.

ಈ ಅಂತರವೇ ಇಂದು ಠೇವಣಿದಾರನ ಹಣಕ್ಕೂ ಒಂದು ಕಾವಲು. ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1977ರಲ್ಲಿ ರೂಪಿಸಿದ ಗೂಢಲಿಪಿಯಲ್ಲಿ ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಲಾಗುತ್ತದೆ. ಗುಣಿಸುವುದು ಗಣಕಯಂತ್ರಕ್ಕೆ ಕ್ಷಣಮಾತ್ರದ ಕೆಲಸ. ಗುಣಲಬ್ಧವನ್ನು ಮಾತ್ರ ಕಂಡವನಿಗೆ ಮೂಲ ಸಂಖ್ಯೆಗಳನ್ನು ಬಿಡಿಸಿ ತೆಗೆಯುವುದು ದುಸ್ಸಾಧ್ಯ.

ಲ್ಯುಕಾ ಸಾಧಿಸಿದ ಸಂಖ್ಯೆ 1951ರವರೆಗೆ, ಎಪ್ಪತ್ತೈದು ವರ್ಷಗಳ ಕಾಲ, ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು. 2024ರಲ್ಲಿ ದೊರೆತ ಒಂದು ಅವಿಭಾಜ್ಯಕ್ಕೆ 4,10,24,320 ಅಂಕಿಗಳು; ಅದನ್ನು ದೃಢಪಡಿಸಿದುದೂ ಇದೇ ಪರೀಕ್ಷೆಯೇ. ಏಳು ಎರಡುಗಳಿಂದಾಗುವ 127ರ ಮೇಲೆ ವಾಚಕರು ಇದನ್ನು ಪ್ರಯೋಗಿಸಬಹುದು: 4ರ ನಂತರ 14, 67, 42, 111 ಬಂದು, ಐದನೆಯ ಮೆಟ್ಟಿಲಿನಲ್ಲಿ ಸೊನ್ನೆ ದೊರೆಯುವುದು.